ಪುಟ್ಟಸಿದ್ದಯ್ಯನ ಕೊಟ್ಟಿಗೆ ತುಂಬಿದ ದಿನ

ನಂಜಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಳು ಎಂಬ ಸುದ್ದಿ ಮುಟ್ಟಿದ ದಿನ ನಮ್ಮೂರಿನ ಕೋಳಿಗಳು ಮಟಮಟ ಮಧ್ಯಾಹ್ನ ಎದ್ದು ಕೂಗಿದವು. ನಂಬದವರು ಬೇಡ, ಬಿಡಿ. ಲೊಕ್ಕನಹಳ್ಳಿಯಲ್ಲಿ ಬಸ್ಸಿಳಿದು ಕಾಡಿನ ಕಡೆಗೆ ನಾಲ್ಕು ಬೀಡಿ ಸೇದುವಷ್ಟು ದೂರ ನಡೆದರೆ ನಮ್ಮೂರು. ಅಲ್ಲಿಯ ಗಂಡುಹುಡುಗರೇ ಆಗ ಏಳನೇ ಕ್ಲಾಸು ದಾಟಿರಲಿಲ್ಲ. ಈ ಹುಡುಗಿ ಕೊಳ್ಳೇಗಾಲದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದಿದಳು. ರಜೆಗೆ ಬಂದಾಗಲೂ ಬುಡ್ಡಿದೀಪದ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಕೇಳಿ ಕೇಳಿ ಆ ಬುಡ್ಡಿದೀಪವೇ ನಾಲ್ಕನೇ ಕ್ಲಾಸು ಪಾಸಾಗಿತ್ತು. ನನಗಿಂತ ಎರಡು ಕ್ಲಾಸು ಹೆಚ್ಚು.

ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರು ಸೇರಿ ಆಗಲೇ ಹತ್ತು ಹನ್ನೆರಡು ವರ್ಷವಾಗಿತ್ತು. ಆದರೂ ನಮ್ಮೂರ ಹಿರಿಯರಿಗೆ ಕೋಪ ಬಂದರೆ ಇನ್ನೂ ಕೊಯಮತ್ತೂರಿನ ಕಲೆಕ್ಟರನ್ನೇ ಬೈಯುತ್ತಿದ್ದರು. ಸರ್ಕಾರ ಅಂದರೆ ನಮಗೆ ಅಷ್ಟೇ ಪರಿಚಯ.

ನಂಜಿಯ ಪೂರ್ತಿ ಹೆಸರು ಶಿವನಂಜಮ್ಮ. ಅವಳ ಅಪ್ಪ ಪುಟ್ಟಸಿದ್ದಯ್ಯ ನನಗೆ ದೊಡ್ಡಪ್ಪನ ಮಗ. ನನ್ನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ನಮ್ಮ ಒಲೆಯ ಮೇಲಿನ ಸಾರು ಕುದಿಯುತ್ತಿತ್ತು. ಅವನಿಗಿದ್ದದ್ದು ಮಳೆಯನ್ನೇ ನಂಬಿದ ಒಂದು ತುಂಡು ರಾಗಿ ಹೊಲ, ಒಂದು ಎಮ್ಮೆ, ಮತ್ತೆ ಮೈಸೂರು ಅರಮನೆಯಲ್ಲೂ ಹಿಡಿಸದಷ್ಟು ಮರ್ಯಾದೆ. ಬೆಳೆದದ್ದರಲ್ಲಿ ಕಾಡುಹಂದಿಗೆ ಒಂದು ಪಾಲು, ಆನೆಗೆ ಒಂದು ಪಾಲು, ಮಿಕ್ಕಿದ್ದು ಇವನಿಗೆ. ಒಂದು ವರ್ಷ ಆನೆ ಬಂದು ಹೊಲ ನೋಡಿ, ಪಾಪ ಅನ್ನಿಸಿ, ಕಾಡಿನಿಂದ ತಾನೇ ಒಂದು ಹೊರೆ ಸೊಪ್ಪು ತಂದು ಬದುವಿನ ಮೇಲೆ ಇಟ್ಟು ಹೋಯಿತು. ಪುಟ್ಟಸಿದ್ದಯ್ಯ ಅದನ್ನು ಮುಟ್ಟಲಿಲ್ಲ. ‘ನಮ್ಗೇನ್ಲಾ ಕಮ್ಮಿಯಾಗ್ಯದೆ?’ ಅಂದ. ಅಂಥ ಮನುಷ್ಯ.

ಹೀಗಿರುವಾಗ ಒಂದು ಸಂಜೆ ನಂಜಿ ಜಗಲಿಯ ಮೇಲೆ ಅಪ್ಪನನ್ನು ಕೂರಿಸಿಕೊಂಡು ಮಾತು ತೆಗೆದಳು. ನಾನಿದ್ದೆ, ಅವಳವ್ವ ಕೆಂಪಾಜಮ್ಮ ಇದ್ದಳು, ಎದುರು ಮನೆಯ ರಾಚಮ್ಮ ಇದ್ದಳು. ರಾಚಮ್ಮ ನಮ್ಮೂರ ಮದುವೆಗಳಿಗೆಲ್ಲ ಮುಂದಾಳು. ಯಾರ ಮನೆಯಲ್ಲಿ ಮಾತು ನಡೆದರೂ ಅಲ್ಲಿ ಅವಳಿರುತ್ತಿದ್ದಳು. ಮಾತು ಶುರುವಾಗುವ ಮೊದಲೇ ಬಂದು ಕೂತಿರುತ್ತಿದ್ದಳು.

‘ಅಪ್ಪ, ನಾನು ಮೈಸೂರ್ಗೋಗಿ ಪಿಯುಸಿ ಸೇರ್ಕತೀನಿ.’

‘ಸೇರ್ಕೊ ಕಣವ್ವ’ ಅಂದ ಪುಟ್ಟಸಿದ್ದಯ್ಯ ದೊಡ್ಡದಾಗಿ. ಆಮೇಲೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. ಫೀಜು, ಹಾಸ್ಟೆಲು, ಬಸ್ಸು ಎಲ್ಲ ಅವನ ಕಣ್ಣಮುಂದೆ ಒಂದರ ಹಿಂದೆ ಒಂದು ಹಾದು ಹೋದದ್ದು ನಮಗೂ ಕಂಡಿತು.

ನಂಜಿ ಹೇಳಿದಳು: ‘ನೀನೇನೂ ಕೊಡ್ಬ್ಯಾಡ. ಸರ್ಕಾರದೋರು ಸ್ಕಾಲರ್‌ಶಿಪ್ಪು ಅಂತ ಕೊಡ್ತರೆ. ನಮ್ ಮೇಷ್ಟ್ರು ಸದಾಶಿವಪ್ಪನೋರು ಅರ್ಜಿ ಆಕ್ಸವ್ರೆ. ಅದು ಬಂದ್ರೆ ಓಗ್ತೀನಿ. ಬರ್ದಿದ್ರೆ ಇಲ್ಲ. ಆದ್ರೆ ಎಲ್ಲಾರ್ಗೂ ಕೊಡಾಕಿಲ್ಲ, ಅರ್ಹತೆ ಇರ್ಬೇಕು.’

‘ಅಂಗಂದ್ರೆ ಏನವ್ವ?’ ಅಂದಳು ರಾಚಮ್ಮ. ನಂಜಿ ಹೇಳುತ್ತಿದ್ದದ್ದು ಅವಳಿಗಲ್ಲ.

‘ಮೊದಲ್ನೇ ಸಲಕ್ಕೇ ಪಾಸಾಗಿರ್ಬೇಕು, ಒಳ್ಳೆ ಮಾರ್ಕು ಬಂದಿರ್ಬೇಕು. ಅದು ಆಗ್ಯದೆ. ಕಾಲೇಜ್ನೋರು ಸೀಟು ಕೊಟ್ಟಿವಿ ಅಂತ ಬರ್ಕೊಡ್ಬೇಕು, ಆ ಕಾಗ್ದ ಮೇಷ್ಟ್ರ ಕೈಗೆ ಬತ್ತದೆ. ಬ್ಯಾರೆ ಕಡೆಯಿಂದ ಇಂಥದ್ದೇ ದುಡ್ಡು ತಕತಿರ್ಬಾರ್ದು. ಆಮೇಲೆ ಅಪ್ಪನ ವರ್ಸದ ವರಮಾನ ಸರ್ಕಾರ ಆಕಿರೋ ಗೆರೆಗಿಂತ ಕೆಳಗಿರ್ಬೇಕು.’

‘ಕೆಳಗೆ ಅಂದ್ರೆ?’ ಪುಟ್ಟಸಿದ್ದಯ್ಯ ಕೇಳಿದ.

‘ಬಡವ್ರಾಗಿರ್ಬೇಕು ಕಣಪ್ಪ.’

‘ನಾವು ಬಡವ್ರು ಅಂತ ಯಾವನ್ಲಾ ಅಂದೋನು?’

‘ಯಾರೂ ಅಂದಿಲ್ಲ. ಅನ್ಬೇಕು. ಅನ್ನಿಸ್ಕಂಡು ಸರ್ಟಿಫಿಕೇಟು ತಕಬೇಕು.’

ನನಗೆ ತಡೆಯಲಾಗಲಿಲ್ಲ. ‘ಬಡವ ಅನ್ನಾಕೂ ಸರ್ಟಿಫಿಕೇಟಾ ಮಗ? ಅಂಗಾದ್ರೆ ನಂಗೂ ಒಂದು ತಕಂಬಾ. ಕಟ್ಟಾಕ್ಸಿ ಗೋಡೆಗೆ ನೇತಾಕ್ತೀನಿ. ಬಂದ ನೆಂಟ್ರು ಓದ್ಕಂಡು ಊಟಕ್ಕೆ ಮುಂಚೇನೇ ಎದ್ದೋಯ್ತರೆ.’

‘ಚಿಕ್ಕಪ್ಪ, ನೀ ಒಸಿ ಸುಮ್ಕಿರು. ಅಪ್ಪ, ಸರಿಯಾಗಿ ಕೇಳು. ನಾಳಿದ್ದು ಬೆಳಗ್ಗೆ ಕೊಳ್ಳೇಗಾಲದ ತಾಲ್ಲೂಕಾಪೀಸಿಂದ ಆರೈ, ಅಂದ್ರೆ ರೆವಿನ್ಯೂ ಇನ್ಸ್‌ಪೆಕ್ಟ್ರು, ಬತ್ತರೆ. ಮನೆ ನೋಡ್ತರೆ, ಒಲ ಕೇಳ್ತರೆ, ದನ ಎಷ್ಟವೆ ಅಂತ ಬರ್ಕತರೆ. ಅವ್ರು ಬರ್ದದ್ದ ನೋಡಿ ತಹಸೀಲ್ದಾರ್ರು ಸೈನ್ ಆಕ್ತರೆ. ಇರೋದ ಇದ್ದಂಗೆ ಏಳು, ಅಷ್ಟೇ ಸಾಕು. ಕಡೇ ದಿವ್ಸ ಅತ್ರ ಬಂದದೆ, ಒಂದು ಸಲ ತಪ್ಪಿದ್ರೆ ಮುಂದಿನ್ ವರ್ಸ ನಾನು ಇಲ್ಲೇ ಎಮ್ಮೆ ಮೇಯ್ಸ್ಕಂಡಿರ್ಬೇಕು.’

ಪುಟ್ಟಸಿದ್ದಯ್ಯ ‘ಊಂ’ ಅಂದ. ಅವನ ‘ಊಂ’ ಮಾತ್ರ ಯಾವತ್ತೂ ಎರಡು ಕಡೆಗೂ ತೆರೆದ ಬಾಗಿಲಿನ ಹಾಗೆ.

ಚಿಕ್ಕಮ್ಮನ ಮನೆಯಲ್ಲಿ ಒಂದು ರಾತ್ರಿ ಉಳಿದು ಕಾಲೇಜಿನ ಕಾಗದ ತರುತ್ತೇನೆಂದು ನಂಜಿ ಮರುದಿನ ಬೆಳಗ್ಗೆಯೇ ಕೊಳ್ಳೇಗಾಲದ ಬಸ್ಸು ಹತ್ತಿದಳು. ಆ ಕಾಲದ ಬಸ್ಸು ಬಹಳ ಸಾವಧಾನದ್ದು. ಹನೂರಿನ ಹತ್ತಿರ ಒಬ್ಬ ಮುದುಕಪ್ಪ ಇಳಿದು, ನೆಂಟರ ಮನೆಗೆ ಹೋಗಿ ಮಜ್ಜಿಗೆ ಕುಡಿದು, ಊರ ಸುದ್ದಿ ಮಾತಾಡಿ ಬಂದು ಅದೇ ಬಸ್ಸು ಹಿಡಿದದ್ದನ್ನು ನಾನೇ ನೋಡಿದ್ದೇನೆ.

ಹುಡುಗಿ ಅತ್ತ ಹೋದಳೋ ಇಲ್ಲವೋ ರಾಚಮ್ಮ ಇತ್ತ ಜಗಲಿಗೆ ಬಂದಳು. ಹಿಂದೆಯೇ ಪಕ್ಕದ ಬೀದಿಯ ಚಿಕ್ಕಬಸಮ್ಮ.

‘ಏನಪ್ಪ ಪುಟ್ಟಸಿದ್ದಯ್ಯ, ಮಗು ಏಳಿದ್ದ ಕೇಳಿದ್ಯಲ್ಲ, ಅದ ನಂಬ್ಬುಟ್ಯಾ? ಎಳೇದು, ಅದಕ್ಕೇನು ಗೊತ್ತು. ಬಡವ್ರಿಗೆ ಕೊಡ್ತೀವಿ ಅಂತ ಬಾಯಲ್ಲಿ ಅಂತರೆ. ಕೊಡೋವಾಗ ಇರೋರ ಮನೆ ನೋಡೇ ಕೊಡೋದು. ಓದ್ ವರ್ಸ ಸೊಸೈಟೀಲಿ ಏನಾಯ್ತು?’

ಅದೂ ನಿಜವೇ. ಹೋದ ವರ್ಷ ಸೊಸೈಟಿಯವರು ಬಡ ರೈತರಿಗೆ ಬಿತ್ತನೆ ಸಾಲ ಎಂದು ಬೋರ್ಡು ಹಾಕಿದ್ದರು. ಹೋಗಿ ಕೇಳಿದರೆ ‘ಎತ್ತು ಎಷ್ಟಿವೆ, ನೀರಾವರಿ ಎಷ್ಟಿದೆ’ ಅಂದರು. ಇಲ್ಲ ಅಂದವರನ್ನು ಹಿಂದಕ್ಕೆ ಕಳಿಸಿ, ಎರಡು ಜೊತೆ ಎತ್ತು ಇದ್ದವನಿಗೆ ಕೊಟ್ಟರು. ಸಾಹುಕಾರನೂ ಹಾಗೆಯೇ. ನಮ್ಮ ಆಯುಸ್ಸಿನಲ್ಲಿ ಇಲ್ಲದವನ ಮನೆ ಹುಡುಕಿಕೊಂಡು ದುಡ್ಡು ಬಂದದ್ದನ್ನು ಯಾರು ಕಂಡಿದ್ದರು?

‘ಖಾಲಿ ಕೊಟ್ಟಿಗೆ ನೋಡಿದ್ರೆ ಆ ಮಾರಾಯ ಏನಂದ್ಕತಾನೆ?’ ಅಂದಳು ಚಿಕ್ಕಬಸಮ್ಮ. ‘ಇವ್ರು ಮಗೀಗೆ ಒಂದ್ ಜೊತೆ ಸೀರೆ ಕೊಡ್ಸಾಕೂ ಗತಿ ಇಲ್ದೋರು, ಇವ್ರ ಕೈಗೆ ದುಡ್ಡು ಕೊಟ್ರೆ ಉಪ್ಪು ಮೆಣಸಿನ್ಕಾಯ್ಗೆ ಓಯ್ತದೆ ಅಂತ ಓಗ್ಬುಡ್ತಾನೆ.’

‘ಮಗು ಇರೋದ ಇದ್ದಂಗೆ ಏಳು ಅಂದದೆ’ ಅಂತ ಕೆಂಪಾಜಮ್ಮ ಒಳಗಿನಿಂದ ಹೇಳಿ ನೋಡಿದಳು.

‘ನಾವೇನು ಸುಳ್ಳೇಳ್ತೀವಾ ತಾಯಿ? ಬಾಯೇ ಬಿಡಾಕಿಲ್ಲ. ಕಟ್ತೀವಿ, ಅವ್ನು ನೋಡ್ಕತಾನೆ.’

ಇದು ಅರ್ಥವಾಗಬೇಕಾದರೆ ನಮ್ಮೂರ ಒಂದು ಪದ್ಧತಿ ಹೇಳಬೇಕು. ಯಾರ ಮನೆಗಾದರೂ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರೆ ಆ ದಿನ ಇಡೀ ಊರು ಆ ಮನೆಗೆ ಬಂದು ಸೇರುತ್ತದೆ. ಒಬ್ಬರು ಎತ್ತು ತಂದು ಕಟ್ಟುತ್ತಾರೆ, ಒಬ್ಬರು ಹಸು. ಹಿತ್ತಾಳೆ ಕೊಳಗ, ಚೊಂಬು, ಲೋಟಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಇಡುತ್ತಾರೆ. ರಾಗಿ ಮೂಟೆ ಬರುತ್ತವೆ, ಮಂಚ ಬರುತ್ತದೆ. ಬಂದವರು ಊರ ಗಡಿಕಲ್ಲು ದಾಟುವವರೆಗೂ ಯಾರೂ ಗುಟ್ಟು ಬಿಡುವಂತಿಲ್ಲ. ಬಿಟ್ಟವನ ಮನೆಯ ಮದುವೆಗೆ ಮುಂದೆ ಒಂದು ಕೋಳಿಯನ್ನೂ ಕೊಡುವುದಿಲ್ಲ. ಗಂಡಿನ ಕಡೆಯವರಿಗೆ ಇದು ಗೊತ್ತಿಲ್ಲವೇ? ಗೊತ್ತು. ಅವರೂರಲ್ಲೂ ಇದೇ. ಆದರೂ ಬಂದು, ಎಣಿಸಿ, ತಲೆಯಾಡಿಸಿ ಹೋಗುತ್ತಾರೆ. ಈ ಮನೆಯನ್ನು ನಂಬಿ ಊರವರು ಎಷ್ಟು ದನ ಕೊಟ್ಟರು ಎಂದು ನೋಡುವುದೇ ಅವರ ಲೆಕ್ಕ. ನನ್ನದೊಂದು ಎತ್ತಿತ್ತು. ಎಷ್ಟು ಮದುವೆಗೆ ಹೋಗಿ ನಿಂತಿತ್ತೆಂದರೆ, ಶಾಗ್ಯದ ಕಡೆಯಿಂದ ಬಿಳಿ ಪಂಚೆಯವರು ಬರುವುದನ್ನು ಕಂಡರೆ ತಾನೇ ಹಗ್ಗ ಕಚ್ಚಿಕೊಂಡು ಹೆಣ್ಣಿನ ಮನೆಗೆ ಹೊರಡುತ್ತಿತ್ತು.

ಪುಟ್ಟಸಿದ್ದಯ್ಯ ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ‘ನಿಮ್ಮಿಷ್ಟ’ ಅಂದು ಮೀಸೆ ತಿರುವಿಕೊಂಡ. ಅವನಿಗೂ ಬಾಗಿಲಿಗೆ ಬರುವ ಅಧಿಕಾರಿಯ ಮುಂದೆ ಖಾಲಿ ಕೊಟ್ಟಿಗೆ ತೋರಿಸಲು ಮನಸ್ಸಿರಲಿಲ್ಲ ಅನ್ನಿ.

ಆರೈ ಬರುವ ದಿನ ಬೆಳಗ್ಗೆ ದನಗಳನ್ನು ಮೇಯಲು ಬಿಡಲೇ ಇಲ್ಲ. ಎಲ್ಲರೂ ನೇರ ಪುಟ್ಟಸಿದ್ದಯ್ಯನ ಕೊಟ್ಟಿಗೆಗೆ ಹೊಡೆದುಕೊಂಡು ಬಂದರು. ಕೊಟ್ಟಿಗೆ ತುಂಬಿತು, ಅಂಗಳ ತುಂಬಿತು, ಹಿತ್ತಿಲ ನುಗ್ಗೆ ಮರಕ್ಕೂ ಎರಡು ಕಟ್ಟಿದೆವು. ಮೂಲೆಯಲ್ಲಿ ಪುಟ್ಟಸಿದ್ದಯ್ಯನ ಎಮ್ಮೆ ಇಷ್ಟೊಂದು ನೆಂಟರು ಯಾಕೆ ಬಂದರು ಎಂದು ಗಾಬರಿಯಿಂದ ನೋಡುತ್ತಿತ್ತು. ರಾಗಿ ಮೂಟೆ ಪಡಸಾಲೆಯ ತೊಲೆ ಮುಟ್ಟಿದವು. ಚಿಕ್ಕಬಸಮ್ಮನ ಹಿತ್ತಾಳೆ ಪಾತ್ರೆಗಳ ಹೊಳಪಿಗೆ ಬೀದಿಯಲ್ಲಿ ಹೋಗುವವರು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಹೋದರು.

ಬೆಳಗ್ಗೆ ಬರಬೇಕಾದ ಆರೈ ಮಧ್ಯಾಹ್ನವಾದರೂ ಬರಲಿಲ್ಲ. ದನಗಳು ಹಸಿದು ಒಂದೊಂದಾಗಿ ರಾಗ ತೆಗೆದವು. ನಾವು ಹುಲ್ಲು ಹಾಕೋಣವೆಂದರೆ, ಯಾರ ಹುಲ್ಲು ಯಾರ ಹಸುವಿಗೆ ಎಂದು ಅಲ್ಲೇ ಸಣ್ಣ ಜಗಳ. ಹೊತ್ತು ಇಳಿಯುವಾಗ ಕೊನೆಗೂ ಬೀದಿಯ ತುದಿಯಲ್ಲಿ ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಆರೈ ಗುರುಸಿದ್ದಯ್ಯನವರು. ಯಳಂದೂರಿನ ಕಡೆಯವರು, ತೆಳ್ಳಗೆ, ಬಗಲಲ್ಲಿ ಚರ್ಮದ ಬ್ಯಾಗು. ಅವರ ಪಕ್ಕದಲ್ಲೇ ನಂಜಿ! ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು. ದಾರಿಯುದ್ದಕ್ಕೂ ಹುಡುಗಿ ತನ್ನ ಮನೆಯ ವಿಚಾರ ಹೇಳಿಕೊಂಡು ಬಂದಿದ್ದಳಂತೆ: ಒಂದು ಹೊಲ, ಒಂದು ಎಮ್ಮೆ, ಇಷ್ಟೇ ಸಾರ್ ಅಂತ.

ಅಂಗಳಕ್ಕೆ ಕಾಲಿಟ್ಟವಳು ನಿಂತೇಬಿಟ್ಟಳು. ಅವಳ ಮುಖ ನೋಡಿದರೆ, ಗಣಿತದ ಪರೀಕ್ಷೆಗೆ ಹೋದವಳಿಗೆ ಹಿಂದಿ ಪೇಪರು ಕೊಟ್ಟ ಹಾಗಿತ್ತು.

ಆರೈ ಕೊಡೆ ಮಡಿಸಿದರು. ದನಗಳ ಕಡೆ ನೋಡಿದರು. ಹುಡುಗಿಯ ಕಡೆ ನೋಡಿದರು. ‘ಏನಮ್ಮ, ಒಂದು ಎಮ್ಮೆ ಅಂದಿದ್ದೆ?’

‘ಸಾರ್, ಇವು ನಮ್ಮವಲ್ಲ.’

‘ಅಯ್, ಮಗು ಎದರ್ಕಂಡದೆ ಕಣ್ ಸಾ’ ಅಂತ ರಾಚಮ್ಮ ಮುಂದೆ ಬಂದಳು. ‘ಯಾರಾದ್ರೂ ಕಣ್ಣಾಕ್ಬುಟ್ಟಾರು ಅಂತ ಅಂಗೇಳ್ತದೆ. ಬನ್ನಿ ಸಾ, ಕುಂತ್ಕಳ್ಳಿ. ಮಜ್ಜಿಗೆ ಕುಡೀರಿ.’

ಮಂಚದ ಮೇಲೆ ಜಮಖಾನ ಹಾಸಿ ಕೂರಿಸಿದೆವು. ಲೋಟದಲ್ಲಿ ಮಜ್ಜಿಗೆ ಕೊಟ್ಟಳು ಚಿಕ್ಕಬಸಮ್ಮ. ಆರೈ ಕುಡಿಯುತ್ತ ಲೋಟದ ಮೇಲೆ ಕೊರೆದಿದ್ದ ಹೆಸರು ಓದಿದರು. ‘ಚಿಕ್ಕಬಸಮ್ಮ. ಇದ್ಯಾರು?’

ನಾನು ಹಿಂದೆ ಬೀಳಲಿಲ್ಲ. ‘ಇವ್ರ ಮುತ್ತಜ್ಜಿ ಸಾ. ಬಾರೀ ದೊಡ್ಡ ಮನ್ಸೆ. ಪಾಲಾರ್ ಒಳೆಗೆ ಪ್ರವಾಹ ಬಂದಾಗ ಒಂದ್ ಕೈಲಿ ಎತ್ತು, ಇನ್ನೊಂದ್ ಕೈಲಿ ಗಂಡನ್ನ ಇಡ್ಕಂಡು ಈಜಿ ದಡ ಸೇರ್ದೋಳು. ಸತ್ತು ಅರವತ್ ವರ್ಸ ಆಯ್ತು.’

‘ಓಹೋ’ ಅಂದರು ಆರೈ. ಪಕ್ಕದಲ್ಲಿ ಮಜ್ಜಿಗೆ ಹೂಜಿ ಹಿಡಿದುಕೊಂಡು ನಿಂತಿದ್ದ ಚಿಕ್ಕಬಸಮ್ಮನನ್ನು ನೋಡಿ, ‘ನಿಮ್ಮ ಹೆಸರು ಏನಮ್ಮ?’ ಅಂದರು.

ಅವಳು ನನ್ನನ್ನು ನೋಡಿದಳು. ಸತ್ತು ಅರವತ್ತು ವರ್ಷವಾದವಳು ಏನು ಹೇಳಬೇಕು? ‘ಮುತ್ತಜ್ಜಿ ಎಸ್ರೇ ಇಟ್ಟವ್ರೆ ಸಾ’ ಅಂದುಬಿಟ್ಟಳು. ಆಮೇಲೆ ಒಂದು ವಾರ ನನ್ನನ್ನು ಮಾತಾಡಿಸಲಿಲ್ಲ.

ಅಷ್ಟರಲ್ಲಿ ಅಂಗಳದ ಕೆಂದ ಹಸು ‘ಅಂಬಾ’ ಅಂದಿತು. ರಾಚಮ್ಮನ ಮನೆಯ ಒಳಗಿಂದ ಕರು ‘ಅಂಬಾ’ ಅಂದಿತು. ಇತ್ತ ಇನ್ನೊಂದು ಹಸು ಕೂಗಿತು, ಹಿಂದಿನ ಬೀದಿಯಿಂದ ಇನ್ನೊಂದು ಕರು ಓಗೊಟ್ಟಿತು. ಬೆಳಗ್ಗೆಯಿಂದ ಹಾಲು ಕರೆದಿರಲಿಲ್ಲ, ಕರು ಬಿಟ್ಟಿರಲಿಲ್ಲ. ಪಾಪ, ಅವು ಎಷ್ಟು ಹೊತ್ತು ಮರ್ಯಾದೆ ಕಾಯ್ದಾವು?

‘ಹಸು ಇಲ್ಲಿ. ಕರುಗಳು ಯಾಕೆ ಊರೆಲ್ಲ ಹರಡಿವೆ?’ ಆರೈ ಕೇಳಿದರು.

‘ನಮ್ಮೂರ್ ಕರುಗೋಳ್ಗೆ ಓದೋ ಉಚ್ಚು ಸಾ’ ಅಂದೆ. ‘ಒಬ್ಬೊಬ್ರ ಮನೇಲಿ ಒಂದೊಂದು ಇಸ್ಕೂಲು.’

ಆರೈ ನಗಲಿಲ್ಲ. ಆದರೆ ಮಜ್ಜಿಗೆ ಅವರ ಮೂಗಿಗೆ ಹತ್ತಿತು.

ಕರವಸ್ತ್ರದಿಂದ ಮುಖ ಒರೆಸಿಕೊಂಡು ಬ್ಯಾಗು ತೆರೆದರು, ಪೆನ್ನು ತೆಗೆದರು. ಆಗ ನಂಜಿ ಮಂಚದ ಹತ್ತಿರ ಬಂದಳು. ‘ಸಾರ್, ಇದೊಂದೂ ನಮ್ಮದಲ್ಲ. ಊರವ್ರು ಪ್ರೀತಿಗೆ ತಂದು ಕಟ್ಟವ್ರೆ. ನೀವು ಇದ ಬರ್ದ್ರೆ ನಂಗೆ ಸ್ಕಾಲರ್‌ಶಿಪ್ಪು ಬರಾಕಿಲ್ಲ. ನಾಳಿದ್ದೇ ಕಡೇ ದಿವ್ಸ.’

‘ನೋಡಮ್ಮ’ ಅಂದರು ಆರೈ, ಮೆತ್ತಗೆ. ‘ಸ್ಕಾಲರ್‌ಶಿಪ್ ಕೇಳೋರೆಲ್ಲ ಇಲ್ಲ ಇಲ್ಲ ಅಂತಾನೇ ಹೇಳ್ತಾರೆ. ಮೊನ್ನೆ ಒಂದು ಮನೆಗೆ ಹೋಗಿದ್ದೆ. ಅಕ್ಕಿ ಗಿರಣಿ ಇಟ್ಕೊಂಡಿದಾನೆ, ಹರಿದ ಪಂಚೆ ಉಟ್ಕೊಂಡು ನಿಂತಿದ್ದ. ಇಲ್ಲಿ ಇದ್ದೂ ಇಲ್ಲ ಅಂತೀಯೋ, ಇಲ್ಲದೆ ಇದೆ ಅಂತಿದಾರೋ, ನಂಗೇನು ಗೊತ್ತು? ನಾನು ಕಣ್ಣಲ್ಲಿ ಕಂಡದ್ದು ಬರೀಬೇಕು. ಇಲ್ಲ, ಮನೆ ಯಜಮಾನರು ಬಾಯಿಬಿಟ್ಟು ಹೇಳ್ಬೇಕು.’ ಪುಟ್ಟಸಿದ್ದಯ್ಯನ ಕಡೆ ತಿರುಗಿದರು. ‘ಹೇಳಿ ಯಜಮಾನ್ರೇ. ಇವು ನಿಮ್ಮವಾ?’

ಅಷ್ಟು ಹೊತ್ತೂ ಕಂಬಕ್ಕೊರಗಿ ನಿಂತಿದ್ದ ಪುಟ್ಟಸಿದ್ದಯ್ಯ ಒಂದು ಮಾತೂ ಆಡಿರಲಿಲ್ಲ. ಹೌದು ಅಂದರೆ ಮಗಳ ಕಾಲೇಜು ಹೋಯಿತು. ಇಲ್ಲ ಅಂದರೆ ನಂಬಿ ದನ ಕೊಟ್ಟ ಊರನ್ನೆಲ್ಲ ಅಧಿಕಾರಿಯ ಮುಂದೆ ಸುಳ್ಳುಗಾರರನ್ನಾಗಿ ಮಾಡಿದ ಹಾಗೆ. ಗಡಿಕಲ್ಲು ದಾಟುವ ಮೊದಲು ಗುಟ್ಟು ಬಿಟ್ಟ ಮೊದಲ ಮನೆ ಅವನದೇ ಆಗುತ್ತಿತ್ತು. ರಾಚಮ್ಮ ಅವನಿಗೆ ಕಣ್ಣಲ್ಲೇ ‘ಊಂ ಅನ್ನು’ ಅಂತ ಸನ್ನೆ ಮಾಡುತ್ತಿದ್ದಳು. ನಂಜಿ ಅವನನ್ನೇ ನೋಡುತ್ತಿದ್ದಳು. ಹತ್ತು ವರ್ಷ ಓದಿದ್ದೆಲ್ಲ ಅಪ್ಪನ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು ಪಾಪದ ಹುಡುಗಿಗೆ.

ಪುಟ್ಟಸಿದ್ದಯ್ಯ ಹೆಗಲ ಮೇಲಿನ ಟವಲು ತೆಗೆದು ತಲೆಗೆ ಸುತ್ತಿಕೊಂಡ. ಆಮೇಲೆ ಅಂಗಳಕ್ಕಿಳಿದು ಕೆಂದ ಹಸುವಿನ ಹತ್ತಿರ ಹೋಗಿ ಅದರ ಕಣ್ಣಿ ಬಿಚ್ಚಿದ.

‘ಏಯ್, ಏನ್ಲಾ ಮಾಡ್ತಿದ್ದೀಯ?’ ರಾಚಮ್ಮ ಕೂಗಿದಳು.

ಅವನು ತಿರುಗಿಯೂ ನೋಡಲಿಲ್ಲ. ಇನ್ನೊಂದು ಬಿಚ್ಚಿದ. ಮತ್ತೊಂದು. ಕೊಟ್ಟಿಗೆಯ ಒಳಗೆ ಹೋಗಿ ಸಾಲಾಗಿ ಬಿಚ್ಚುತ್ತಾ ಬಂದ, ಹಿತ್ತಿಲಿಗೆ ಹೋಗಿ ನುಗ್ಗೆ ಮರದ್ದನ್ನೂ ಬಿಚ್ಚಿದ. ಆಮೇಲೆ ಬಾಗಿಲ ಹತ್ತಿರ ನಿಂತು ‘ಓಗಿ’ ಅಂದ, ಅಷ್ಟೇ.

ಬೆಳಗ್ಗೆಯಿಂದ ಹಸಿದ ದನ. ಹೊರಟವು ನೋಡಿ! ಕೆಂದ ಹಸು ಬೀದಿ ದಾಟಿ ನೇರ ರಾಚಮ್ಮನ ಮನೆಯೊಳಗೆ, ಅಡುಗೆ ಮನೆಯವರೆಗೂ ನುಗ್ಗಿತು. ಒಳಗೆ ಕರು ಹಾಲಿಗೆ ಬಾಯಿ ಹಾಕಿದ ಶಬ್ದ ಬೀದಿಗೆ ಕೇಳಿಸಿತು. ಎರಡು ಎತ್ತು ಬಲಕ್ಕೆ ತಿರುಗಿದವು, ಎರಡು ಎಡಕ್ಕೆ. ಚಿಕ್ಕಬಸಮ್ಮನ ಹೋರಿ ಓಡುವ ಭರದಲ್ಲಿ ಮೂಲೆ ಮನೆಯವರು ಒಣಗಲು ಹಾಕಿದ್ದ ಸೀರೆಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಬಾವುಟದ ಹಾಗೆ ಹಾರಿಸುತ್ತಾ ಹೋಯಿತು. ನನ್ನ ಎತ್ತು ಮಾತ್ರ ಸ್ವಲ್ಪ ಹೊತ್ತು ನಿಂತು ಆರೈಯನ್ನು ನೋಡಿತು, ಇವರು ಗಂಡಿನ ಕಡೆಯವರಲ್ಲ ಅಂತ ಖಾತ್ರಿ ಮಾಡಿಕೊಂಡು ನಮ್ಮ ಬಾಗಿಲಿಗೆ ಹೊರಟಿತು. ನೋಡನೋಡುತ್ತಾ ಒಂದೊಂದು ದನವೂ ಒಂದೊಂದು ಬಾಗಿಲಲ್ಲಿ ಮಾಯವಾಯಿತು. ಧೂಳು ಇಳಿಯಿತು. ಗುಟ್ಟು ಬಿಟ್ಟವರು ಯಾರು ಅಂದರೆ ದನಗಳು. ಅವಕ್ಕೆ ಯಾರ ಮದುವೆಯಲ್ಲಿ ಕೋಳಿ ತಪ್ಪಿಸುತ್ತೀರಿ?

ಮಂಚದ ಮೇಲೆ ಕೂತ ಆರೈಯವರ ಹೊಟ್ಟೆ ಕುಲುಕುತ್ತಿತ್ತು. ಎದ್ದು ಕೊಟ್ಟಿಗೆಯ ಬಾಗಿಲಲ್ಲಿ ಬಗ್ಗಿ ನೋಡಿದರು. ಒಳಗೆ ಸಗಣಿ ಬಿಟ್ಟರೆ ಏನೂ ಇರಲಿಲ್ಲ.

‘ಸರಿ. ದನಕರು ಇಲ್ಲ’ ಅಂದು ಬರೆಯಲು ಹೋದರು.

‘ಅದೆ ಸಾ!’ ಪುಟ್ಟಸಿದ್ದಯ್ಯ ಚೇಳು ಕಡಿದವನ ಹಾಗೆ ಹಾರಿದ. ‘ಒಂದೆಮ್ಮೆ ಅದೆ! ನಂದೇ!’

‘ಎಲ್ಲಿದೆ?’

ಪುಟ್ಟಸಿದ್ದಯ್ಯ ಕೊಟ್ಟಿಗೆ ನೋಡಿದ. ಎಮ್ಮೆ ಇರಲಿಲ್ಲ. ಬಿಚ್ಚುವ ಭರದಲ್ಲಿ ಅವನು ತನ್ನ ಎಮ್ಮೆಯನ್ನೂ ಬಿಚ್ಚಿದ್ದ. ಎಲ್ಲ ಹೊರಟಾಗ ನಾನೊಬ್ಬಳೇ ಇಲ್ಲೇನು ಮಾಡಲಿ ಅಂತ ಅದೂ ಹೊರಟಿತ್ತು. ರಾಚಮ್ಮನ ಹಿತ್ತಿಲಿನ ಜೋಳದ ದಂಟಿನಲ್ಲಿ ಅದರ ಕೊಂಬು ಮಾತ್ರ ಕಾಣುತ್ತಿತ್ತು.

‘ಊಟಕ್ಕೋಗ್ಯದೆ ಸಾ, ಈಗ ಬತ್ತದೆ’ ಅಂದೆ ನಾನು.

‘ಅಪ್ಪ, ಬುಡು, ಇರ್ಲಿ’ ಅಂತ ನಂಜಿ ಅವನ ತೋಳು ಹಿಡಿದಳು. ‘ಇಲ್ಲ ಅಂತಾನೇ ಬರ್ಕಳ್ಳಿ.’

‘ಯಾಕವ್ವ ಬರ್ಕಬೇಕು? ಬಡವ ಅಂತ ಬರ್ಕಳ್ಳಿ ಸಾ, ಪರ್ವಾಗಿಲ್ಲ. ಊರ್ ಮುಂದೆ ಒಪ್ಕಂಡಿವ್ನಿ, ಇನ್ನೇನು. ಆದ್ರೆ ಎಮ್ಮೆ ಇಲ್ದೋನು ಅಂತ ಬರ್ಕಬ್ಯಾಡಿ. ಅದೆ!’

‘ಒಂದು ಎಮ್ಮೆ ಇದ್ರೆ ನಿಮ್ಮ ಮಗಳಿಗೆ ತೊಂದರೆ ಏನಿಲ್ಲ ಯಜಮಾನ್ರೇ. ಗೆರೆಗೂ ನಿಮಗೂ ತುಂಬಾ ದೂರ ಇದೆ’ ಅಂದರು ಆರೈ. ‘ಆದ್ರೆ ಇವತ್ತು ಈ ಮನೇಲಿ ತೋರಿಸಿದ್ದನ್ನೆಲ್ಲ ನಂಬಿದ್ರೆ ನನ್ನ ಕೆಲಸ ಹೋಗ್ತಿತ್ತು. ಕಣ್ಣಲ್ಲಿ ಕಂಡ್ರೇನೇ ಬರೆಯೋದು. ನಂಗೆ ಬಸ್ಸಿಗೆ ಹೊತ್ತಾಯ್ತು.’ ಉಳಿದದ್ದನ್ನೆಲ್ಲ ಬರೆದು ಮುಗಿಸಿ, ನಂಜಿಗೆ ‘ನಾಳೆ ಮಧ್ಯಾಹ್ನ ತಾಲ್ಲೂಕು ಆಫೀಸಿಗೆ ಬಾಮ್ಮ, ಸರ್ಟಿಫಿಕೇಟು ತಗೊಂಡು ಅರ್ಜಿ ಜೊತೆ ಕಳಿಸು’ ಅಂದು ಕೊಡೆ ಬಿಚ್ಚಿದರು.

ನಂಜಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಕೆಂಪಾಜಮ್ಮ ಒಳಗಿಂದ ಬಂದು ಮಗಳ ತಲೆ ಸವರಿದಳು. ರಾಚಮ್ಮ ಸೊಂಟದ ಮೇಲೆ ಕೈಯಿಟ್ಟು ‘ಅಲ್ಲಾ, ನಿಜವಾಗ್ಲೂ ಇಲ್ದೋರ್ಗೇ ಕೊಡ್ತರಾ? ಇದ್ಯಾವ ಸೀಮೆ ಸರ್ಕಾರವವ್ವ!’ ಅಂತ ಅನ್ನುತ್ತಲೇ ಇದ್ದಳು. ಎರಡೇ ನಿಮಿಷಕ್ಕೆ, ‘ಅಂಗಾದ್ರೆ ನಮ್ ಮೊಮ್ಮಗೀಗೂ ಆಯ್ತದಾ ಕೇಳವ್ವ ನಂಜಿ, ನಾವೂ ಏನ್ ಕಮ್ಮಿ ಬಡವ್ರಲ್ಲ’ ಅಂದಳು. ಬೆಳಗ್ಗೆ ಹೊಳೆಯುತ್ತಿದ್ದ ಪಾತ್ರೆಗಳನ್ನು ಚಿಕ್ಕಬಸಮ್ಮ ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದಳು, ಆರೈ ಇನ್ನೂ ಗಡಿಕಲ್ಲು ದಾಟಿರಲಿಲ್ಲವಲ್ಲ.

ಪುಟ್ಟಸಿದ್ದಯ್ಯ ಎಲ್ಲಿ ಅಂತ ನೋಡಿದರೆ ಆಳೇ ಇಲ್ಲ.

ನಾನು ಆರೈಯವರನ್ನು ಬ್ಯಾಗು ಹೊತ್ತುಕೊಂಡು ಲೊಕ್ಕನಹಳ್ಳಿಯವರೆಗೆ ಬಿಟ್ಟುಬರಲು ಹೋಗಿದ್ದೆ. ಬಸ್ಸು ಬಂದು ನಿಂತಿತ್ತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ಕಂಡಕ್ಟರು ಸೀಟಿ ಬಾಯಿಗಿಟ್ಟ. ಆಗ ಹಿಂದಿನಿಂದ ‘ನಿಲ್ಸ್ರೋ! ನಿಲ್ಸ್ರೋ!’ ಅಂತ ಕೂಗು. ಪುಟ್ಟಸಿದ್ದಯ್ಯ ಎಮ್ಮೆಯನ್ನು ಓಡಿಸಿಕೊಂಡು ಬರುತ್ತಿದ್ದ. ಓಡಿಸಿಕೊಂಡು ಅನ್ನುವುದಕ್ಕಿಂತ, ಎಮ್ಮೆ ಅವನನ್ನು ಎಳೆದುಕೊಂಡು ಬರುತ್ತಿತ್ತು. ಅದರ ಬಾಯಲ್ಲಿ ಇನ್ನೂ ರಾಚಮ್ಮನ ಜೋಳದ ದಂಟು. ಆ ಎಮ್ಮೆ ಆ ದಿನ ಓಡಿದ ವೇಗಕ್ಕೆ ಬಸ್ಸು ನಾಚಿಕೊಂಡಿತು ಅಂದರೆ ಸುಳ್ಳಲ್ಲ.

ಬಂದವನೇ ಎಮ್ಮೆಯನ್ನು ಬಸ್ಸಿನ ಪಕ್ಕಕ್ಕೆ ತಿರುಗಿಸಿ ಕಿಟಕಿಯ ನೇರಕ್ಕೆ ನಿಲ್ಲಿಸಿದ.

‘ಏನಣ್ಣೋ, ಎಮ್ಮೆಗೆ ಅರ್ಧ ಟಿಕೇಟಾ ಪೂರ್ತಿನಾ?’ ಕಂಡಕ್ಟರು ಕೇಳಿದ. ಬಸ್ಸಿನವರೆಲ್ಲ ಆ ಕಡೆಗೆ ಬಾಗಿದರು, ಬಸ್ಸೂ ಬಾಗಿತು.

ಪುಟ್ಟಸಿದ್ದಯ್ಯನಿಗೆ ಏದುಸಿರು. ಅವನು ಕಂಡಕ್ಟರನ್ನು ನೋಡಲೇ ಇಲ್ಲ. ‘ನೋಡ್ಕಳ್ಳಿ ಸಾ’ ಅಂದ. ‘ಚೆನ್ನಾಗ್ ನೋಡ್ಕಳ್ಳಿ. ನಾಲ್ಕು ಕಾಲೂ ಅವೆ.’

ಆರೈ ಗುರುಸಿದ್ದಯ್ಯನವರು ಕಿಟಕಿಯಿಂದ ಕೈ ಹೊರಗೆ ಹಾಕಿ ಎಮ್ಮೆಯ ಬೆನ್ನು ಮುಟ್ಟಿ ನೋಡಿದರು. ಬ್ಯಾಗು ತೆರೆದು, ಕಾಗದ ತೆಗೆದು, ತೊಡೆಯ ಮೇಲೆ ಇಟ್ಟುಕೊಂಡು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಾ ಬರೆದರು: ‘ಎಮ್ಮೆ, ಒಂದು. ಸ್ವಂತದ್ದು.’

ಪುಟ್ಟಸಿದ್ದಯ್ಯ ಟವಲು ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಕಂಡಕ್ಟರಿಗೆ ‘ಊಂ, ಇನ್ ಓಗ್ಲಿ’ ಅಂತ, ಬಸ್ಸು ತನ್ನದೇ ಅನ್ನುವ ಹಾಗೆ ಕೈ ಬೀಸಿದ.